ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುವುದೇಕೆ?

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರು 62 ಸಾವಿರ ಕಿ.ಮೀ. ಓಡಿದೆ. 90ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ವೇಗ 40ಕ್ಕೆ ಇಳಿದರೆ ಏನೂ ಇಲ್ಲ. ‘ಡಿಸ್ಕ್ ಬೆಂಡಾಗಿದೆ’ ಎಂದು ಗ್ಯಾರೇಜಿನವರು ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿದರು. ಆರು ಸಾವಿರ ಕಿ.ಮೀ. ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಡಿಸ್ಕ್ ಕಳಪೆಯೇ?
– ಓದುಗರು, ಮೂಡಿಗೆರೆ

ಉತ್ತರ: ಮೊದಲ ದಿನದಿಂದಲೇ ನಡುಗಿದ್ದರೆ ಡಿಸ್ಕನ್ನು ಅನುಮಾನಿಸಬಹುದಿತ್ತು. ಆರು ಸಾವಿರ ಓಡಿದ ಮೇಲೆ ಮರುಕಳಿಸಿದೆ ಎಂದರೆ ಚಕ್ರ, ಡಿಸ್ಕ್ ಎರಡೂ ಕೂರುವ ನಡುಭಾಗವಾದ ಹಬ್‌ನ ಮುಖವನ್ನು ಮೊದಲು ನೋಡಬೇಕು.

ಡಿಸ್ಕ್ ಬೆಂಡಾಗುವುದು ಅಪರೂಪ. ನಿಜವಾಗಿ ಆಗುವುದು ಇಷ್ಟು: ಹಬ್ ಮೇಲೆ ತುಕ್ಕಿನ ಒಂದು ಪದರ ಉಳಿದರೆ ಡಿಸ್ಕ್ ಚೂರು ಓರೆಯಾಗಿ ಕೂರುತ್ತದೆ. ಹಬ್‌ಗಿಂತ ಡಿಸ್ಕ್ ಅಗಲವಾದ್ದರಿಂದ ಅಂಚಿನಲ್ಲಿ ಆ ಓರೆ ಇನ್ನೂ ಹೆಚ್ಚುತ್ತದೆ. ನೀವು ಬ್ರೇಕ್ ಒತ್ತದೇ ಹೋಗುತ್ತಿರುವಾಗಲೂ ಪ್ರತಿ ಸುತ್ತಿಗೊಮ್ಮೆ ಅದೇ ಜಾಗ ಪ್ಯಾಡಿಗೆ ತಗಲಿ ಸವೆಯುತ್ತದೆ. ಸಾವಿರಾರು ಕಿ.ಮೀ. ಹೀಗೇ ಸವೆದು ಡಿಸ್ಕ್ ಒಂದು ಕಡೆ ತೆಳ್ಳಗಾಗುತ್ತದೆ. ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ.; ಡಿಸ್ಕ್ ದಪ್ಪದಲ್ಲಿ 0.02 ಮಿ.ಮೀ. ಏರುಪೇರಾದರೂ ಸಾಕು, ಕೈಗೆ ನಡುಕ ಗೊತ್ತಾಗುತ್ತದೆ.

ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿಸಿ. ಬ್ರೇಕ್ ಆಯಿಲ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಡಿಸ್ಕ್ ತೆಗೆದು ಹಬ್ ನೋಡಿ. ಚಕ್ರದ ನಟ್ ಕೂರುವ ಬೋಲ್ಟ್‌ಗಳ, ಅಂದರೆ ಸ್ಟಡ್‌ಗಳ ಬುಡದಲ್ಲಿ ಕೆಂಪು ತುಕ್ಕು ಹಕ್ಕಳೆಗಟ್ಟಿ ನಿಂತಿರುತ್ತದೆ. ವೈರ್ ಬ್ರಷ್ ಮತ್ತು ಎಮರಿ ಹಾಳೆಯಿಂದ ಲೋಹ ಹೊಳೆಯುವವರೆಗೆ ತಿಕ್ಕಬೇಕು. ಡಿಸ್ಕ್‌ನ ಒಳಮುಖಕ್ಕೂ ಅದೇ ಉಪಚಾರ. ಅವಸರದ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಹತ್ತು ನಿಮಿಷದ ಈ ಕೆಲಸ ಬಿಟ್ಟದ್ದಕ್ಕೆ ಎರಡು ಹೊಸ ಡಿಸ್ಕ್ ಹಾಳಾಗುವುದು ನೋಡಿದರೆ ಸಂಕಟವಾಗುತ್ತದೆ.

ಆಮೇಲೆ ಡಿಸ್ಕ್ ಕೂರಿಸಿ, ನಟ್‌ಗಳನ್ನು ವಾಷರ್ ಹಾಕಿ ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು 0.05 ಮಿ.ಮೀ. ಒಳಗೇ ಆಡಿದರೆ ಒಳ್ಳೆಯದು. ನಿಮ್ಮ ಮಾದರಿಯ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ ಆಚೆಗೆ ಸರಿಸಿ ಮತ್ತೆ ಅಳೆಯಿರಿ. ಆಗಲೂ ತಗ್ಗದಿದ್ದರೆ ಹಬ್ಬನ್ನೇ ಅಳೆಯಬೇಕು. ಮೈಕ್ರೋಮೀಟರಿನಲ್ಲಿ ಡಿಸ್ಕ್ ದಪ್ಪವನ್ನೂ ಎಂಟು ಕಡೆ ನೋಡಿಸಿ. ನಿಮ್ಮ ಡಿಸ್ಕ್ ಈಗಾಗಲೇ ಏರುಪೇರಾಗಿರುವುದರಿಂದ ಲೇತ್ ಯಂತ್ರದಲ್ಲಿ ಕೆತ್ತಿಸಿ ಸಮ ಮಾಡಿಸಬೇಕಾದೀತು. ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗುವುದಾದರೆ ಬದಲಿಸಲೇಬೇಕು, ಎರಡೂ ಕಡೆ ಒಟ್ಟಿಗೆ.

ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್‌ಗಳು ಕೈಯಲ್ಲಿ ಸಲೀಸಾಗಿ ಆಡಬೇಕು. ಒಣಗಿದ್ದರೆ ಸಿಲಿಕೋನ್ ಗ್ರೀಸ್ ಸವರಿ. ಚಕ್ರದ ನಟ್‌ಗಳನ್ನು ಏರ್ ಗನ್‌ನಲ್ಲಿ ಬಿಗಿಯಲು ಬಿಡಬೇಡಿ. ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ ಹೇಳಿದಷ್ಟೇ ಬಿಗಿಯಿರಿ. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್.

ಪ್ರಶ್ನೆ: ಸ್ಟೀರಿಂಗ್ ನೆಟ್ಟಗಿದೆ, ಬ್ರೇಕ್ ಒತ್ತಿದಾಗ ಸೀಟು ಮಾತ್ರ ಅದುರುತ್ತದೆ. ಹಿಂದೆ ಡ್ರಮ್ ಬ್ರೇಕ್.
– ಓದುಗರು, ಹಾಸನ

ಉತ್ತರ: ಹಿಂದಿನ ಡ್ರಮ್ ದುಂಡು ಕಳೆದುಕೊಂಡಿರಬಹುದು. ಖಾಲಿ, ನೇರ ರಸ್ತೆಯಲ್ಲಿ 30ರ ವೇಗದಲ್ಲಿ ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಹಾಗಾಗಿ ಆಗ ಅದುರಿದರೆ ದೋಷ ಡ್ರಮ್ಮಿನದೇ. ಬ್ರೇಕ್ ಒತ್ತದೆಯೂ 80–100ರಲ್ಲಿ ನಡುಕವಿದ್ದರೆ ಅದು ವ್ಹೀಲ್ ಬ್ಯಾಲೆನ್ಸಿಂಗ್ ವಿಷಯ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿದು ಬಂದ ಮೇಲೆ ನಡುಕ ಶುರುವಾಯಿತು. ಏಕೆ?
– ಓದುಗರು, ಬೆಳ್ತಂಗಡಿ

ಉತ್ತರ: ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಪದಾರ್ಥ ಅಲ್ಲೇ ಅಂಟಿ, ಪ್ಯಾಡಿನ ಆಕಾರದ ಕಪ್ಪು ಕಲೆ ಕೂರುತ್ತದೆ. ಆ ಕಲೆ ಪ್ಯಾಡಿಗೆ ಸಿಕ್ಕಾಗಲೆಲ್ಲ ಹಿಡಿತ ಬದಲಾಗಿ ನಡುಕ ಬರುತ್ತದೆ. ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೇ ಕಾಲಿಟ್ಟಿರಬೇಡಿ, ಬೇಕಾದಾಗ ಒತ್ತಿ ಬಿಟ್ಟುಬಿಡಿ. ಕೆಳಗೆ ಬಂದ ಮೇಲೆ ಕೂಡಲೇ ನಿಲ್ಲದೆ ಎರಡು ಕಿ.ಮೀ. ನಿಧಾನವಾಗಿ ಓಡಿಸಿ. ಡಿಸ್ಕ್ ಆರುವ ಮೊದಲು ನೀರು ಹಾಕಿ ತೊಳೆಯಬೇಡಿ. ಕಲೆ ತೆಳುವಾಗಿದ್ದರೆ, ಹಿಂದೆ ವಾಹನವಿಲ್ಲದಾಗ 60ರಿಂದ 15ಕ್ಕೆ ಎಂಟು–ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ನಡುವೆ ಅರ್ಧ ಕಿ.ಮೀ. ಬಿಟ್ಟು ಬ್ರೇಕ್ ಹಾಕಿ. ಹೊಸ ಪ್ಯಾಡ್ ಹಾಕಿಸಿದಾಗಲೂ ಹೀಗೇ ಪಳಗಿಸಬೇಕು.