ಬಹುಮಾನಕ್ಕಿಂತ ಮೊದಲು ಪಂದ್ಯಪಟ್ಟಿ

ಮಾನ್ಯರೇ,

ಬೆಂಗಳೂರಿನ ಸಣ್ಣ ಕ್ಲಬ್‌ಗಳೊಂದಿಗೆ ಕೆಜಿಎಫ್, ತುಮಕೂರು, ರಾಮನಗರದ ತಂಡಗಳನ್ನೂ ಸೇರಿಸಿ ಕೆಳಹಂತದ ಪ್ರಾದೇಶಿಕ ಫುಟ್‌ಬಾಲ್ ಲೀಗ್ ಆರಂಭಿಸಬೇಕೆಂದೂ, ದೊಡ್ಡ ಬಹುಮಾನ ಕೊಡುವ ಪ್ರಾಯೋಜಕರು ಸಿಕ್ಕರೆ ಉಳಿದದ್ದು ತಾನಾಗಿ ಕೂಡಿಬರುವುದೆಂದೂ ಬರೆದಿದ್ದೀರಿ. ನಿಮ್ಮ ಮೊದಲ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಎರಡನೆಯದನ್ನು ಒಪ್ಪಲಾರೆ.

ಫುಟ್‌ಬಾಲ್‌ನಲ್ಲಿ ಲೀಗ್ ಪದ್ಧತಿ ಹುಟ್ಟಿದ್ದೇ ಒಂದು ಪತ್ರದಿಂದ. 1888ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಇತರ ಕ್ಲಬ್‌ಗಳಿಗೆ ಪತ್ರ ಬರೆದಾಗ ಅವರನ್ನು ಕಾಡುತ್ತಿದ್ದುದು ಗೊತ್ತುಮಾಡಿದ ಪಂದ್ಯಗಳು ರದ್ದಾಗುತ್ತಿದ್ದ ಪರಿಪಾಟ. ಆ ಸೆಪ್ಟೆಂಬರ್‌ನಲ್ಲಿ 12 ತಂಡಗಳು ಕಣಕ್ಕಿಳಿದದ್ದು ನಿಗದಿಯಾದ ದಿನ ಪಂದ್ಯ ನಡೆದೇ ನಡೆಯುತ್ತದೆಂಬ ಭರವಸೆಯ ಮೇಲೆ.

ಆ ಭರವಸೆ ಮುರಿದರೆ ಏನಾಗುತ್ತದೆಂಬುದನ್ನು ಇಲ್ಲಿನ ಒಂದು ಪಂದ್ಯಾವಳಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕೆಜಿಎಫ್ ಕಡೆಯಿಂದ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬಂದಿದ್ದ ಹುಡುಗರು ಬೂಟಿನ ಲೇಸ್ ಬಿಗಿದುಕೊಂಡು ಮೈದಾನದ ಅಂಚಿನಲ್ಲಿ ಎರಡು ಗಂಟೆ ಕಾದರೂ ರೆಫರಿ ಬರಲಿಲ್ಲ. ಅವರ ಗೋಲ್‌ಕೀಪರ್ ಮಣ್ಣೇ ತಾಗದ ಕೈಗವಸುಗಳನ್ನು ಮಡಿಸಿ, ತಿಂಡಿಯ ಡಬ್ಬಿಯ ಪಕ್ಕ ಬ್ಯಾಗಿನಲ್ಲಿಟ್ಟುಕೊಂಡು ಹೊರಟ. ಮರುವರ್ಷ ಆ ತಂಡ ಬರಲಿಲ್ಲ.

ಲೆಕ್ಕ ಹಾಕಿ ನೋಡಿ. 10 ತಂಡಗಳು ಪರಸ್ಪರ ಎರಡು ಬಾರಿ ಆಡಿದರೆ 90 ಪಂದ್ಯಗಳಾಗುತ್ತವೆ. ವಾರಕ್ಕೆ ಐದರಂತೆ 18 ವಾರ ಬೇಕು, ಪ್ರತಿ ಪಂದ್ಯಕ್ಕೂ ಒಬ್ಬ ರೆಫರಿ, ಇಬ್ಬರು ಸಹಾಯಕ ರೆಫರಿಗಳು ಬೇಕು, ನಡುವೆ ಮಳೆ ಬಂದು ಮೈದಾನ ಕೆಸರಾದರೆ ಬದಲಿ ದಿನವೂ ಬೇಕು. ಆದ್ದರಿಂದ ಮೊದಲ ವರ್ಷ ಆರೇ ತಂಡ ಸಾಕೆಂಬುದು ನನ್ನ ಅಭಿಪ್ರಾಯ: 30 ಪಂದ್ಯ, ವಾರಕ್ಕೆ ಮೂರರಂತೆ 10 ವಾರ. ಪ್ರಾಯೋಜಕರ ಹಣವಿದ್ದರೆ ಅದು ರೆಫರಿಗಳ ಭತ್ಯೆಗೂ ಹೊರಊರಿನ ತಂಡಗಳ ಪ್ರಯಾಣಕ್ಕೂ ಮೊದಲು ಹೋಗಲಿ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳ ಮೆಟ್ಟಿಲು ಮೊದಲಿನಿಂದಲೂ ಇದೆ. ಹೊಸ ಲೀಗ್ ಗೆದ್ದವರಿಗೆ ಈ ಮೆಟ್ಟಿಲು ಹತ್ತುವ ಹಕ್ಕು ಸಿಗಬೇಕು, ಅದಕ್ಕೆ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮಾನ್ಯತೆ ಬೇಕು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ತಂದ ರಾಜ್ಯ ನಮ್ಮದು. ಮುಂದಿನ ತಂಡದ ಆಯ್ಕೆಗಾರರ ಕಣ್ಣಿಗೆ ಕೆಜಿಎಫ್‌ನ ಹುಡುಗನೂ ಬೀಳುವುದು ಅವನು ವಾರವಾರ ಆಡಿದಾಗ ಮಾತ್ರ.

ನಿಮಗೆ ಪರಿಚಯವಿರುವ ಕ್ಲಬ್‌ಗಳ ಮೈದಾನಗಳು ಯಾವ ಭಾನುವಾರಗಳಂದು ಖಾಲಿ ಇರುತ್ತವೆಂದು ವಿಚಾರಿಸಿ ಬರೆಯಿರಿ. ಆರು ತಂಡಗಳ ಪಂದ್ಯಪಟ್ಟಿ ಸಿದ್ಧವಾದರೆ ಅದನ್ನೂ ಪ್ರತಿ ವಾರದ ಫಲಿತಾಂಶವನ್ನೂ ಪ್ರಕಟಿಸಲು ಪತ್ರಿಕೆಯಲ್ಲಿ ಜಾಗ ಕಾದಿರಿಸುತ್ತೇನೆ.

— ಸಂಪಾದಕ