ನೀರು ಖಾಸಗಿಯವರ ಕೈಗೆ ಹೋಗುತ್ತೆ ಅಂದಾಗ ಜನ ಯಾಕೆ ಬೀದಿಗಿಳಿಯುತ್ತಾರೆ?

ಬಿಲ್ ಜಾಸ್ತಿ ಆಗುತ್ತೆ ಅನ್ನೋ ಭಯ ಇದ್ದೇ ಇದೆ. ಆದರೆ ಅದೊಂದೇ ಕಾರಣ ಅಲ್ಲ. ಫೋನ್ ಕಂಪನಿ ಸರಿಯಿಲ್ಲ ಅಂದರೆ ಬೇರೆಯದಕ್ಕೆ ಹೋಗಬಹುದು. ನೀರಿಗೆ ಹಾಗಾಗಲ್ಲ. ಮನೆಗೆ ಬರೋದು ಒಂದೇ ಪೈಪು. ದರ ಕಟ್ಟೋಕಾಗದಿದ್ದರೆ ಏನು ಮಾಡೋದು, ನೀರು ಕುಡಿಯದೆ ಇರೋಕಾಗುತ್ತಾ?

ಬೊಲಿವಿಯಾದ ಕೋಚಬಾಂಬಾ ನಗರವನ್ನೇ ನೋಡಿ. 1999ರಲ್ಲಿ ಅಲ್ಲಿನ ನೀರು ಸರಬರಾಜನ್ನು ಆಗುವಾಸ್ ದೆಲ್ ತುನಾರಿ ಅನ್ನೋ ಕಂಪನಿಗೆ 40 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಅದರ ಹಿಂದೆ ಇದ್ದದ್ದು ವಿದೇಶಿ ಬಂಡವಾಳ. ಕೆಲವೇ ತಿಂಗಳಲ್ಲಿ ದರ ಏರಿತು, ಕೆಲವರಿಗೆ ದುಪ್ಪಟ್ಟೇ ಆಯಿತು. ಜನರನ್ನು ಇನ್ನೂ ಕೆರಳಿಸಿದ ಸಂಗತಿ ಬೇರೆ. ಸರ್ಕಾರಿ ಪೈಪು ತಲುಪದ ಬಡಾವಣೆಗಳಲ್ಲಿ ಜನ ತಾವೇ ದುಡ್ಡು ಹಾಕಿ ಬಾವಿ ತೋಡಿಸಿಕೊಂಡಿದ್ದರು. ಅವೂ ಕೈತಪ್ಪಿ ಹೋಗುತ್ತವೆ ಅನ್ನೋ ಆತಂಕ ಶುರುವಾಯಿತು. ಹಾಗಾಗಿ ನಗರದ ನೀರಿನ ಬಿಲ್ಲೇ ಬಾರದವರೂ ಬೀದಿಗೆ ಬಂದರು. ರೈತರು, ಕಾರ್ಖಾನೆ ಕಾರ್ಮಿಕರು ಒಟ್ಟಾಗಿ ರಸ್ತೆ ತಡೆದರು. ಗುಂಡೇಟಿಗೆ 17 ವರ್ಷದ ಹುಡುಗನೊಬ್ಬ ಸತ್ತ. 2000ದ ಏಪ್ರಿಲ್‌ನಲ್ಲಿ ಗುತ್ತಿಗೆ ರದ್ದಾಯಿತು.

ಸರ್ಕಾರಿ ಸರಬರಾಜು ಚೆನ್ನಾಗಿದೆ ಅಂತ ಹೀಗೆ ಬೀದಿಗಿಳಿಯುವವರು ಹೇಳುತ್ತಿಲ್ಲ. ಕೋಚಬಾಂಬಾದಲ್ಲಿ ಆಮೇಲೂ ನೀರಿನ ತೊಂದರೆ ತಪ್ಪಲಿಲ್ಲ. ಆದರೆ ಸರ್ಕಾರ ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಕೇಳಬಹುದು. 40 ವರ್ಷದ ಗುತ್ತಿಗೆಯನ್ನು ಯಾರ ಹತ್ತಿರ ಕೇಳೋದು? ನನಗೆ ಅತಿ ಗಟ್ಟಿ ಕಾರಣ ಅನ್ನಿಸೋದು ಇದೇ.

ಇನ್ನು ಲಾಭದ ವಿಷಯ. ನೀರಿನ ಬಿಲ್ಲಿನಲ್ಲಿ ಹೂಡಿಕೆದಾರರಿಗೆ ಖಚಿತ ಲಾಭ ಸೇರಿಸೋದು ಬೇಡ ಅಂತ ಇಟಲಿಯವರು 2011ರ ಜನಮತಗಣನೆಯಲ್ಲಿ ಹೇಳಿದರು. ಮತ ಹಾಕಿದವರಲ್ಲಿ ಸುಮಾರು ಶೇ. 95ರಷ್ಟು ಜನರದ್ದು ಅದೇ ಮಾತು.