ಆನ್‌ಲೈನ್‌ನಲ್ಲಿ ಕೇಳದೇ ಇದ್ದದ್ದನ್ನು ಬಿಲ್ಲಿಗೆ ಸೇರಿಸಿದರೆ ಕಾನೂನು ಏನು ಹೇಳುತ್ತದೆ?

ಅದು ಸ್ಪಷ್ಟವಾಗಿ ನಿಷಿದ್ಧ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ 2023ರ ನವೆಂಬರ್ 30ರಂದು ಹೊರಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿತಪ್ಪಿಸುವ ಪರದೆ ವಿನ್ಯಾಸ) ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿದೆ. ಟಿಕೆಟ್ ಬುಕ್ ಮಾಡುವಾಗ ದೇಣಿಗೆಯೋ ವಿಮೆಯೋ ತಾನಾಗಿ ಸೇರಿಕೊಳ್ಳುವುದು ಅವುಗಳಲ್ಲಿ ಒಂದು. ವಿಮೆ ಬೇಡ ಎನ್ನಲು 'ನಾನು ಸುರಕ್ಷತೆಯಿಲ್ಲದೇ ಇರುತ್ತೇನೆ' ಎಂಬ ಗುಂಡಿ ಒತ್ತಿಸಿ ನಾಚಿಕೆಪಡಿಸುವುದು ಇನ್ನೊಂದು. 'ಇನ್ನೆರಡೇ ಕೋಣೆ ಉಳಿದಿವೆ' ಎಂಬ ಸುಳ್ಳು ಅವಸರವೂ ಅಷ್ಟೇ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಎಂದು ಪರಿಗಣಿಸುವುದನ್ನು 2020ರ ಇ-ಕಾಮರ್ಸ್ ನಿಯಮಗಳೇ ತಡೆದಿವೆ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷಿ ಇಲ್ಲದೆ. ಹಣ ಕಟ್ಟಿದ ಮೇಲೆ ಆ ಪರದೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೊದಲ ಬೆಲೆ, ಕೊನೆಯ ಬಿಲ್ಲು ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ: 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡುವುದು ಅವರ ಕರ್ತವ್ಯ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲಿಯದ್ದೇ ಆಗಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದ ಗಡುವು ಮಾತ್ರ ದಾಟಬೇಡಿ.